ಪಕ್ಕದ ಸೀಟಿನವರನ್ನು ಓದುವುದು ಹೇಗೆ?

ನಮ್ಮ ಆಫೀಸು ಬಳ್ಳಾರಿಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಎಂಟು ಜನ ಇದ್ದೇವೆ. ಜೀನ್ಸ್ ಯುನಿಟ್‌ಗಳಿಗೆ ಬಿಲ್ಲಿಂಗ್, ಅಕ್ಕಿ ಗಿರಣಿಗಳಿಗೆ ಸ್ಟಾಕ್ ಲೆಕ್ಕ, ಜಲ್ಲಿ ಕ್ರಷರ್‌ಗಳಿಗೆ ವೇಬ್ರಿಡ್ಜ್ (ಲಾರಿ ತೂಗುವ ಕಟ್ಟೆ) ಸಾಫ್ಟ್‌ವೇರ್. ಇವೇ ನಮಗೆ ಅನ್ನ ಹಾಕುವುದು. ನಾನು ಬೆಂಗಳೂರಿನಲ್ಲಿ ಒಂಬತ್ತು ವರ್ಷ ಕೋಡ್ ಬರೆದವನು. 2020ರಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬಂದೆ, ವಾಪಸ್ ಹೋಗಲೇ ಇಲ್ಲ.

ಎಂಟು ಜನ ಅಂದರೆ ಸಣ್ಣ ತಂಡ ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. ನಾಲ್ಕು ಜನ ಇದ್ದರೆ ಅವರ ನಡುವೆ 6 ಜೋಡಿ. ಎಂಟು ಜನ ಆದರೆ 28 ಜೋಡಿ. ಒಂಬತ್ತನೆಯವನು ಬಂದು ಕೂತ ದಿನವೇ 36. ಒಂದೊಂದು ಜೋಡಿಗೂ ಒಂದೊಂದು ಸಲುಗೆ, ಒಂದೊಂದು ಮುನಿಸು, ತೀರದ ಹಳೇ ಬಾಕಿ. ಐಬಿಎಂನಲ್ಲಿ ಓಎಸ್/360 ಅನ್ನೋ ಆಪರೇಟಿಂಗ್ ಸಿಸ್ಟಮ್ ಕಟ್ಟುವ ದೊಡ್ಡ ಕೆಲಸ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ದರು, ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ. ಹೊಸಬರಿಗೆ ಹೇಳಿಕೊಡಲು ಹಳಬರ ಹೊತ್ತು ಹೋಗುತ್ತದೆ. ಮಾತಾಡಿ ಬಗೆಹರಿಸಬೇಕಾದ ಜೋಡಿಗಳೂ ಹೆಚ್ಚುತ್ತವೆ.

ಹಾಗಾಗಿ ಜೊತೆಯವರ ಸ್ವಭಾವ ತಿಳಿಯುವುದೂ ಕೋಡ್ ಬರೆದಷ್ಟೇ ನಮ್ಮ ಕೆಲಸ. ಇದನ್ನು ನಾನು ತಡವಾಗಿ, ಅದೂ ಪೆಟ್ಟು ತಿಂದು ಕಲಿತೆ. ಯಾರ ಹಣೆಗಾದರೂ ಪಟ್ಟಿ ಅಂಟಿಸುವ ಮೊದಲು ಜಾಗ, ಭಾಷೆ, ಹೊತ್ತು ಬದಲಿಸಿ ಅವರನ್ನು ಇನ್ನೊಮ್ಮೆ ನೋಡಬೇಕು. ಅದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಆ ಹದಿನಾರು ಡಬ್ಬಿಗಳನ್ನು ಬದಿಗಿಡಿ

ಸ್ವಭಾವದ ಮಾತು ಬಂತೆಂದರೆ ಯಾರಾದರೊಬ್ಬರು ಎಂಬಿಟಿಐ ಅನ್ನೋ ಆನ್‌ಲೈನ್ ಟೆಸ್ಟ್‌ನ ಲಿಂಕ್ ಕಳಿಸಿಯೇ ಕಳಿಸುತ್ತಾರೆ. ಕೊನೆಗೆ ನಾಲ್ಕು ಅಕ್ಷರದ ಉತ್ತರ ಬರುತ್ತದೆ. ಅದರ ಬೇರು ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ವಿಚಾರಗಳಲ್ಲಿದೆ. ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಬ್ರಿಗ್ಸ್ ಮೈಯರ್ಸ್ ಆ ವಿಚಾರಗಳನ್ನು ಪ್ರಶ್ನೆಗಳ ರೂಪಕ್ಕೆ ತಂದರು. ಒಟ್ಟು 16 ಡಬ್ಬಿ, ನೀವು ಯಾವುದಾದರೂ ಒಂದರಲ್ಲಿ ಕೂರಲೇಬೇಕು. ಆದರೆ ಸ್ವಲ್ಪ ದಿನ ಬಿಟ್ಟು ಅದೇ ಟೆಸ್ಟ್ ಬರೆದರೆ ಬಹಳ ಜನಕ್ಕೆ ಬೇರೆ ಡಬ್ಬಿ ಸಿಗುತ್ತದೆ. ಕೆಲಸಕ್ಕೆ ಜನ ಆರಿಸಲು ಇದನ್ನು ಬಳಸಬೇಡಿ ಅಂತ ಅದನ್ನು ನಡೆಸುವವರೇ ಹೇಳುತ್ತಾರೆ.

ಮನಶ್ಶಾಸ್ತ್ರ ಓದಿದವರು ಹೆಚ್ಚು ನೆಚ್ಚುವುದು ‘ಬಿಗ್ ಫೈವ್’ ಎಂಬ ಐದು ಅಳತೆಗಳನ್ನು. ಹೊಸದಕ್ಕೆ ತೆರೆದುಕೊಳ್ಳುವುದು, ಅಚ್ಚುಕಟ್ಟು, ಜನರ ಜೊತೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಬೇಗ ಕಳವಳಗೊಳ್ಳುವುದು. ಇಲ್ಲಿ ಡಬ್ಬಿಗಳಿಲ್ಲ. ಟೇಪಿನ ಮೇಲೆ ಗುರುತು ಹಾಕಿದ ಹಾಗೆ, ಪ್ರತಿಯೊಂದರಲ್ಲೂ ನೀವು ಎಲ್ಲೋ ಒಂದು ಕಡೆ ಇರುತ್ತೀರಿ, ಅಷ್ಟೇ.

ನಮ್ಮಲ್ಲೂ ಒಮ್ಮೆ ಆ ಹದಿನಾರು ಡಬ್ಬಿಯ ಟೆಸ್ಟ್ ಮಾಡಿಸಿದೆವು. ಮಾಡಿಸಿದವನು ನಾನೇ. ಕಂಪ್ಲಿಯಿಂದ ಹೊಸದಾಗಿ ಸೇರಿದ್ದ ಹುಡುಗನಿಗೆ ಅರ್ಧ ಪ್ರಶ್ನೆಗಳ ಇಂಗ್ಲಿಷ್ ಬಿಡಿಸಿಕೊಳ್ಳಲು ಆಗಲಿಲ್ಲ. ಪಕ್ಕದವಳನ್ನು ಕೇಳಿ ಕೇಳಿ ಟಿಕ್ ಹಾಕಿದ. ಬಂದ ಉತ್ತರ ಅವನದೋ, ಅವಳದೋ ಇವತ್ತಿಗೂ ತಿಳಿದಿಲ್ಲ. ಆದರೂ ಆರು ತಿಂಗಳು ಅವನನ್ನು ಅದೇ ನಾಲ್ಕು ಅಕ್ಷರದಲ್ಲಿ ಕರೆದೆವು.

ಹೆಜ್ಜೆ 2: ಎರಡು ವಾರ ಸುಮ್ನೆ ನೋಡಿ, ಬರೆದಿಡಿ

ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಒಬ್ಬೊಬ್ಬರಿಗೆ ಒಂದು ಪುಟ. ಅದರಲ್ಲಿ ‘ಸೋಮಾರಿ’, ‘ಜಂಬ’, ‘ಒಳ್ಳೆಯವನು’ ಅಂತ ಬರೆಯಬೇಡಿ. ನಡೆದದ್ದನ್ನಷ್ಟೇ ಬರೆಯಿರಿ. ‘ಮಂಗಳವಾರ ಸರ್ವರ್ ನಿಂತಾಗ ಮೊದಲು ಲಾಗ್ ತೆರೆದ.’ ‘ಗಿರಾಕಿ ಫೋನಿನಲ್ಲಿ ಕೂಗಾಡಿದಾಗ ದನಿ ಏರಿಸಲಿಲ್ಲ.’ ಒಂದು ಕಟ್ಟುಪಾಡು ಇಟ್ಟುಕೊಳ್ಳಿ. ಆ ಪುಟ ಅವರ ಕೈಗೇ ಸಿಕ್ಕು ಓದಿದರೂ ನಿಮ್ಮ ಮುಖ ಸಣ್ಣದಾಗಬಾರದು.

ಏನನ್ನು ನೋಡಬೇಕು? ಮೀಟಿಂಗ್ ಬಿಟ್ಟುಬಿಡಿ. ಅಲ್ಲಿ ಎಲ್ಲರೂ ಇಸ್ತ್ರಿ ಮಾಡಿದ ಅಂಗಿಯಂತೆ ಇರುತ್ತಾರೆ. ಕಮಿಟ್ ಮೆಸೇಜ್ ನೋಡಿ, ಅಂದರೆ ಕೋಡ್ ಬದಲಿಸಿ ಉಳಿಸುವಾಗ ಜೊತೆಗೆ ಬರೆಯುವ ಟಿಪ್ಪಣಿ. ‘ಫಿಕ್ಸ್’ ಅಂತ ಒಂದೇ ಪದ ಬರೆದು ಹೋಗುವವರು ಬೇರೆ, ಯಾಕೆ ಬದಲಿಸಿದೆ ಅಂತ ಎರಡು ಸಾಲು ಬರೆಯುವವರು ಬೇರೆ. ರಿವ್ಯೂನಲ್ಲಿ, ಅಂದರೆ ಅವರ ಕೋಡನ್ನು ಇನ್ನೊಬ್ಬರು ಓದಿ ನೋಡುವಾಗ, ತಪ್ಪು ತೋರಿಸಿದರೆ ಏನು ಮಾಡುತ್ತಾರೆ ನೋಡಿ. ಆ ಎರಡು ವಾರದಲ್ಲಿ ಎಷ್ಟು ಸಲ ‘ನನಗೆ ಗೊತ್ತಿಲ್ಲ’ ಅನ್ನುತ್ತಾರೆ, ಎಣಿಸಿ. ಇದನ್ನು ಹೇಳಬಲ್ಲವರ ಜೊತೆ ಕೆಲಸ ಮಾಡುವುದು ಬಹಳ ಸಲೀಸು.

ಇನ್ನೊಂದು ಒಳ್ಳೆಯ ಜಾಗ ಇದೆ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ‘ಬ್ಲೇಮ್’ ಅಂತಲೇ ಒಂದು ಕಮಾಂಡ್ ಇದೆ. ಯಾವ ಸಾಲನ್ನು ಯಾರು, ಯಾವತ್ತು ಬದಲಿಸಿದರು ಅಂತ ತೋರಿಸುತ್ತದೆ. ಬಗ್ ಸಿಕ್ಕ ತಕ್ಷಣ ಅದನ್ನು ಹಾಕುವವರು ಹೆಸರು ನೋಡಿ ಏನು ಮಾಡುತ್ತಾರೆ? ಕೆಲವರು ಗ್ರೂಪಿನಲ್ಲಿ ಸ್ಕ್ರೀನ್‌ಶಾಟ್ ಹಾಕುತ್ತಾರೆ. ಕೆಲವರು ಎದ್ದು ಹೋಗಿ ‘ಇದನ್ನ ಯಾಕೆ ಹೀಗೆ ಮಾಡಿದ್ದಿ, ಏನಾದರೂ ಕಾರಣ ಇತ್ತಾ’ ಅಂತ ಕೇಳುತ್ತಾರೆ. ಕೆಲವರಿಗೆ ತಮ್ಮದೇ ಹೆಸರು ಬಂದಿರುತ್ತದೆ, ಮೆಲ್ಲಗೆ ಆ ವಿಂಡೋ ಮುಚ್ಚುತ್ತಾರೆ. ನಾನು ಈ ಮೂರನೇ ಸಾಲಿನವನು.

ಒಂದು ಎಚ್ಚರಿಕೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಮೂರಕ್ಕೆ ಕರೆಂಟ್ ಹೋಗಿ, ಯುಪಿಎಸ್ ಕುಯ್‌ಗುಡುತ್ತಾ ಇರುವಾಗ ಯಾರು ಹೇಗೆ ಮಾತಾಡಿದರು ಅಂತ ಬರೆಯಲು ಹೋಗಬೇಡಿ. ಆ ಹೊತ್ತಿನಲ್ಲಿ ಎಲ್ಲರದೂ ಒಂದೇ ಸ್ವಭಾವ.

ಹೆಜ್ಜೆ 3: ಜಾಗ ಬದಲಿಸಿ, ಭಾಷೆ ಬದಲಿಸಿ

ನನ್ನ ನೋಟ್‌ಬುಕ್ಕಿನಲ್ಲಿ ಕುರುಗೋಡಿನ ಹುಡುಗನ ಪುಟ ತಿಂಗಳಾದರೂ ಖಾಲಿ ಇತ್ತು. ಬೆಳಗಿನ ಸ್ಟ್ಯಾಂಡಪ್‌ನಲ್ಲಿ (ಯಾರು ಏನು ಮಾಡುತ್ತಿದ್ದೇವೆ ಅಂತ ಹೇಳುವ ಸಣ್ಣ ಮೀಟಿಂಗ್) ‘ನಿನ್ನೆಯದೇ ಮುಂದುವರಿಸ್ತಿದೀನಿ’ ಬಿಟ್ಟರೆ ಅವನ ಬಾಯಿಂದ ಮಾತಿಲ್ಲ. ನಾನು ನಡೆದದ್ದನ್ನು ಮಾತ್ರ ಬರೆಯಬೇಕು ಎಂಬ ನನ್ನದೇ ಕಟ್ಟುಪಾಡು ಮುರಿದು ‘ಮಾತಿಲ್ಲ, ಆಸಕ್ತಿಯೂ ಇಲ್ಲ’ ಅಂತ ಬರೆದೆ.

ಆಮೇಲೆ ವೇಬ್ರಿಡ್ಜ್ ಪ್ರಸಂಗ ಆಯಿತು. ವೇಬ್ರಿಡ್ಜ್‌ನಲ್ಲಿ ಲಾರಿಯನ್ನು ಎರಡು ಸಲ ತೂಗುತ್ತಾರೆ, ಖಾಲಿ ಇದ್ದಾಗ ಒಮ್ಮೆ, ಲೋಡ್ ಆದಮೇಲೆ ಒಮ್ಮೆ. ಎರಡರ ವ್ಯತ್ಯಾಸವೇ ಮಾಲಿನ ತೂಕ. ದಿನಾ ಬರುವ ಲಾರಿಯನ್ನು ಪ್ರತಿಸಲ ಖಾಲಿ ತೂಗುವುದು ಯಾಕೆ ಅಂತ ಕ್ರಷರಿನವರು ಕೇಳಿದರು. ನಾನು ಜಾಣತನ ಮಾಡಿದೆ. ಲಾರಿ ನಂಬರ್ ಹೊಡೆದರೆ ಹಿಂದಿನ ಸಲದ ಖಾಲಿ ತೂಕ ತಾನೇ ಬಂದು ಕೂರುವ ಹಾಗೆ ಕೋಡ್ ಬರೆದು ರಿವ್ಯೂಗೆ ಹಾಕಿದೆ. ಎಲ್ಲರೂ ಓಕೆ ಅಂದರು. ಕುರುಗೋಡಿನವನು ಮಾತ್ರ ಒಂದೇ ಒಂದು ಸಾಲು ಬರೆದಿದ್ದ. ‘ಬಾಡಿ ಕಟ್ಟಿಸಿದ್ರೆ?’

ನನಗೆ ಅದು ತಲೆಗೆ ಹೋಗಲಿಲ್ಲ. ‘ಆಮೇಲೆ ನೋಡೋಣ’ ಅಂತ ಹಾಕಿ ಆ ಕಾಮೆಂಟ್ ಮುಚ್ಚಿ, ಮರ್ಜ್ ಒತ್ತಿ ನನ್ನ ಕೋಡನ್ನು ಮುಖ್ಯ ಕೋಡಿಗೆ ಸೇರಿಸಿದೆ.

ಮೂರು ವಾರ ಆದಮೇಲೆ, ಸಂಜೆ ಏಳರ ಹೊತ್ತಿಗೆ ಕ್ರಷರಿನಿಂದ ಫೋನು. ಒಂದು ಲಾರಿಯವನು ಲಾರಿಯ ಬಾಡಿ ಮೇಲೆ ಹೊಸ ದಪ್ಪ ಪ್ಲೇಟ್ ಹಾಕಿಸಿಕೊಂಡು ಬಂದಿದ್ದಾನೆ. ಲಾರಿಯದೇ ತೂಕ 300 ಕಿಲೋ ಏರಿದೆ. ನಮ್ಮ ಸಾಫ್ಟ್‌ವೇರ್ ಹಳೇ ಖಾಲಿ ತೂಕವನ್ನೇ ಹಿಡಿದು ಅವನ ಚೀಟಿಯಲ್ಲಿ 300 ಕಿಲೋ ಜಲ್ಲಿ ಜಾಸ್ತಿ ತೋರಿಸಿದೆ. ದುಡ್ಡು ಕೊಡುವವನು ಬೇರೆ ಕಡೆ ತೂಗಿಸಿ ಜಗಳಕ್ಕೆ ಬಂದಿದ್ದಾನೆ. ಹಿಂದೆ ಹನ್ನೊಂದು ಲಾರಿ ಸಾಲು. ನಾನು ಅರ್ಧ ಗಂಟೆ ತಡಕಾಡಿ, ನಾಚಿಕೆ ಬಿಟ್ಟು ಆ ಹುಡುಗನಿಗೆ ಫೋನ್ ಮಾಡಿದೆ. ಬೈಕಿನಲ್ಲಿ ಬಂದ. ಕೂತ. ಖಾಲಿ ತೂಕ ಏಳು ದಿನಕ್ಕಿಂತ ಹಳೆಯದಾದರೆ ಮತ್ತೆ ತೂಗಲು ಕೇಳಬೇಕು, ಬಾಡಿ ಬದಲಾಗಿದ್ದರೆ ಆಪರೇಟರ್ ತಾನೇ ಅಳಿಸಲು ಒಂದು ಬಟನ್ ಇರಬೇಕು. ಇಷ್ಟನ್ನು ಸೇರಿಸಿ ಎದ್ದ. ಕೆಳಗೆ ಚಹಾ ಕುಡಿಯುವಾಗ ಒಂದೇ ಮಾತು ಅಂದ. ‘ಅವತ್ತೇ ಬರೆದಿದ್ನಲ್ಲಣ್ಣ.’

ಅವನ ಅಪ್ಪ ಲಾರಿ ಓಡಿಸುತ್ತಿದ್ದವರು ಅಂತ ನನಗೆ ಗೊತ್ತಾಗಿದ್ದು ಆ ಚಹಾದ ಹೊತ್ತಿಗೆ. ಮುಕ್ಕಾಲು ಗಂಟೆ ಮಾತಾಡಿದ. ಯಾವ ಕ್ರಷರಿನಲ್ಲಿ ಏನು ಮೋಸ, ಡ್ರೈವರ್‌ಗಳು ಡೀಸೆಲ್ ಟ್ಯಾಂಕ್ ಯಾವಾಗ ತುಂಬಿಸುತ್ತಾರೆ, ತೂಗುವಾಗ ಕ್ಲೀನರ್ ಯಾಕೆ ಇಳಿಯುವುದಿಲ್ಲ, ಎಲ್ಲ. ಅವನು ಮೌನಿಯೇ ಅಲ್ಲ. ಆಗ ನಮ್ಮ ಸ್ಟ್ಯಾಂಡಪ್ ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಪುಣೆಯ ಗಿರಾಕಿಯ ಕಡೆಯವರೊಬ್ಬರು ಕಾಲ್‌ನಲ್ಲಿ ಇರುತ್ತಾರೆ ಅಂತ ಶುರುವಾದ ಪದ್ಧತಿ. ಅವರು ವಾರಕ್ಕೆ ಒಮ್ಮೆ ಬರುವುದೇ ಹೆಚ್ಚು, ನಾವು ಮಾತ್ರ ಐದು ದಿನವೂ ಇಂಗ್ಲಿಷ್ ಉದುರಿಸುತ್ತಿದ್ದೆವು. ಬಳ್ಳಾರಿಯಲ್ಲಿ ಒಂದು ಟೇಬಲ್ಲಿನ ಸುತ್ತ ಕನ್ನಡ, ತೆಲುಗು, ಉರ್ದು ಮೂರೂ ಓಡಾಡುತ್ತವೆ. ಆ ಮೂರರಲ್ಲೂ ಜೋರಿರುವ ಹುಡುಗ ನಾಲ್ಕನೆಯದರಲ್ಲಿ ಬಾಯಿ ಕಟ್ಟಿ ಕೂತಿದ್ದ.

ಹಾಗಾಗಿ ಮಾತು ಕಡಿಮೆ ಇರುವವರ ವಿಷಯದಲ್ಲಿ ಹೀಗೆ ಮಾಡಿ. ಮೊದಲು ಭಾಷೆ ಬದಲಿಸಿ. ನಾವು ನಾಲ್ಕು ದಿನ ಕನ್ನಡ, ಒಂದು ದಿನ ಇಂಗ್ಲಿಷ್ ಅಂತ ಮಾಡಿಕೊಂಡೆವು. ಆಮೇಲೆ ಜಾಗ ಬದಲಿಸಿ. ಒಗ್ಗರಣೆ-ಮಿರ್ಚಿ ಗಾಡಿಯ ಮುಂದೆ ನಿಂತು ಕೇಳಿದರೆ ಬರುವ ಉತ್ತರ ಮೀಟಿಂಗ್ ರೂಮಿನಲ್ಲಿ ಬರುವುದಿಲ್ಲ. ಮೂರನೆಯದು, ಬಾಯಲ್ಲಿ ಹೇಳಲು ಒತ್ತಾಯಿಸದೆ ಬರೆಯಲು ಬಿಡಿ. ಮೀಟಿಂಗಿಗೆ ಒಂದು ದಿನ ಮೊದಲೇ ವಿಷಯ ಕಳಿಸಿ, ‘ನಾಳೆ ಹತ್ತರೊಳಗೆ ಎರಡು ಸಾಲು ಬರೆದು ಹಾಕಿ’ ಅನ್ನಿ. ಇದಕ್ಕಿಂತ ಮುಖ್ಯವಾದದ್ದು, ಅವರು ಬರೆದ ಒಂದು ಸಾಲಿಗೆ ಉತ್ತರ ಕೊಡದೆ ಮುಚ್ಚಬೇಡಿ. ಜಾಸ್ತಿ ಮಾತಾಡುವವರ ಹತ್ತು ಕಾಮೆಂಟಿಗೆ ಇರುವ ತೂಕ ಇವರ ಒಂದಕ್ಕೆ ಇರುತ್ತದೆ.

ನಿಜವಾಗಿ ಮಾತೇ ಬೇಡವಾದವರೂ ಇದ್ದಾರೆ. ಭಾಷೆ ಬದಲಿಸಿದರೂ, ಮಿರ್ಚಿ ಕೊಡಿಸಿದರೂ ಅವರು ಹಾಗೇ. ಅವರನ್ನು ಅವರ ಪಾಡಿಗೆ ಬಿಡಿ. ಕೆಲಸ ಆಗುತ್ತಿದ್ದರೆ ನಿಮಗೇನು ಕಷ್ಟ?

ಹೆಜ್ಜೆ 4: ‘ಆಗ್ತೈತಣ್ಣ’ ಅಂದರೆ ಏನು ಅಂತ ಕಲಿಯಿರಿ

ಮೌನಿಗಿಂತ ಕಷ್ಟದವರು ‘ಇಲ್ಲ’ ಅನ್ನಲಾಗದವರು. ಇವರು ತುಂಬಾ ಒಳ್ಳೆಯವರು, ಕಷ್ಟ ಇರುವುದೇ ಅಲ್ಲಿ. ಸೋಮವಾರ ಕೇಳಿದರೆ ‘ಆಗ್ತೈತಣ್ಣ’. ಬುಧವಾರ ಕೇಳಿದರೆ ‘ಮುಗೀತಾ ಬಂತಣ್ಣ’. ಶುಕ್ರವಾರ ಡೆಮೋ ದಿನ ಬೆಳಗ್ಗೆ ‘ಸ್ವಲ್ಪ ಐತಣ್ಣ’. ಆ ಸ್ವಲ್ಪ ಎಷ್ಟು ಅಂತ ತೆರೆದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಉಳಿದಿರುತ್ತದೆ.

ನಮ್ಮ ಕಡೆ ದೊಡ್ಡವರಿಗೆ ಎದುರು ಮುಖಕ್ಕೆ ‘ಆಗಲ್ಲ’ ಅನ್ನುವುದು ಮರ್ಯಾದೆ ಅಲ್ಲ ಅಂತ ಬೆಳೆಸಿರುತ್ತಾರೆ. ಮದುವೆಗೆ ಕರೆದರೂ ‘ಬರ್ತೀವಿ ಬಿಡ್ರಿ’ ಅನ್ನುತ್ತೇವೆ. ಅದರಲ್ಲಿ ಸುಳ್ಳಿಲ್ಲ, ಗೌರವ ಇದೆ. ಕೇಳಿದವರಿಗೂ ಅರ್ಥ ಗೊತ್ತಿರುತ್ತದೆ. ಸಾಫ್ಟ್‌ವೇರ್ ಕೆಲಸದಲ್ಲಿ ಮಾತ್ರ ಆ ‘ಬರ್ತೀವಿ’ಯನ್ನು ಯಾರೋ ಎಕ್ಸೆಲ್‌ನಲ್ಲಿ ತಾರೀಖು ಮಾಡಿ ಗಿರಾಕಿಗೆ ಕಳಿಸಿಬಿಡುತ್ತಾರೆ.

ಇವರ ಜೊತೆ ಪ್ರಶ್ನೆಯನ್ನೇ ಬದಲಿಸಬೇಕು. ‘ಆಗುತ್ತಾ?’ ಅಂತ ಕೇಳಲೇಬೇಡಿ. ಹೌದು ಬಿಟ್ಟರೆ ಬೇರೆ ಉತ್ತರ ಅದಕ್ಕಿಲ್ಲ. ‘ಇದರಲ್ಲಿ ಏನೇನು ಅಡ್ಡ ಬರಬಹುದು, ಮೂರು ಹೇಳು’ ಅನ್ನಿ. ಅಡ್ಡಿ ಹೇಳುವುದನ್ನೇ ಕೆಲಸ ಮಾಡಿಕೊಟ್ಟರೆ ಅವರಿಗೆ ಮುಜುಗರ ಆಗುವುದಿಲ್ಲ. ‘ಎಷ್ಟು ಆಯ್ತು?’ ಬದಲು ‘ಆದಷ್ಟನ್ನು ತೋರಿಸು’ ಅನ್ನಿ. ಇನ್ನೊಂದು, ಕೆಲಸ ಕೊಡುವಾಗ ‘ಇದನ್ನು ಮಾಡಬೇಕಾದರೆ ಕೈಯಲ್ಲಿರುವ ಯಾವುದನ್ನು ಪಕ್ಕಕ್ಕಿಡ್ತಿ?’ ಅಂತ ಕೇಳಿ. ಆಗ ಅವರೇ ಪಟ್ಟಿ ನೋಡಿ, ತಲೆ ಕೆರೆದುಕೊಂಡು, ‘ಅಣ್ಣ, ಹಂಗಾದ್ರೆ ಇದು ಮುಂದಿನ ವಾರ ಆಗ್ತೈತಿ’ ಅನ್ನುತ್ತಾರೆ. ಅದು ಅವರ ಬಾಯಿಂದ ಬಂದ ಮೊದಲ ‘ಇಲ್ಲ’. ಆ ದಿನ ಮುಖ ಗಂಟಿಕ್ಕಿದಿರೋ, ಎರಡನೇ ‘ಇಲ್ಲ’ ಯಾವತ್ತೂ ಬರುವುದಿಲ್ಲ.

ಜೊತೆಗೆ ಈ ಪದಗಳ ಬೆಲೆಯನ್ನೂ ತಿಳಿದುಕೊಳ್ಳಿ. ನಮ್ಮ ಆಫೀಸಿನ ಲೆಕ್ಕ ಹೀಗಿದೆ. ‘ಮಾಡ್ತೀನಿ’ ಅಂದರೆ ಇನ್ನೂ ಶುರು ಮಾಡಿಲ್ಲ. ‘ನೋಡ್ತೀನಿ’ ಅಂದರೆ ಮಾಡುವುದಿಲ್ಲ. ‘ಟೆಸ್ಟಿಂಗ್ ಒಂದು ಬಾಕಿ’ ಅಂದರೆ ಒಮ್ಮೆಯೂ ಓಡಿಸಿ ನೋಡಿಲ್ಲ. ‘ನನ್ನ ಸಿಸ್ಟಮ್‌ನಲ್ಲಿ ಓಡ್ತೈತಲ್ಲ’ ಅಂದರೆ ಇವತ್ತು ಮನೆಗೆ ಹೋಗುವುದು ತಡ.

ಹೆಜ್ಜೆ 5: ಆಪದ್ಬಾಂಧವನನ್ನು ರಜೆಗೆ ಕಳಿಸಿ

ಪ್ರತಿ ತಂಡದಲ್ಲೂ ಒಬ್ಬ ಇರುತ್ತಾನೆ. ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೂ ಎದ್ದು ಸರಿ ಮಾಡುತ್ತಾನೆ. ಮಾಲೀಕರಿಗೆ ಅಚ್ಚುಮೆಚ್ಚು. ಎಲ್ಲ ಪಾಸ್‌ವರ್ಡೂ ಅವನ ತಲೆಯಲ್ಲೇ. ನಮ್ಮಲ್ಲಿ ಸಿರುಗುಪ್ಪದವನು ಹೀಗಿದ್ದ. ತಂಗಿಯ ಮದುವೆಗೆ ಅಂತ ನಾಲ್ಕು ದಿನ ಊರಿಗೆ ಹೋದ. ಎರಡನೇ ದಿನ ಬ್ಯಾಕಪ್ ನಿಂತಿತು. ಅರಿಶಿನ ಹಚ್ಚುವ ಹೊತ್ತಿನಲ್ಲಿ ಅವನಿಗೆ ಹದಿನಾಲ್ಕು ಸಲ ಫೋನ್ ಮಾಡಿದೆವು. ಡೋಲಿನ ಸದ್ದಿನ ನಡುವೆ ಕಮಾಂಡ್‌ಗಳನ್ನು ಒಂದೊಂದೇ ಅಕ್ಷರ ಹೇಳಿ ಬರೆಸಿದ.

ಎಷ್ಟು ಜನ ಒಟ್ಟಿಗೆ ಇಲ್ಲವಾದರೆ ಕೆಲಸ ಪೂರ್ತಿ ನಿಲ್ಲುತ್ತದೆ ಅನ್ನುವ ಲೆಕ್ಕಕ್ಕೆ ಈ ಉದ್ಯೋಗದವರು ‘ಬಸ್ ಫ್ಯಾಕ್ಟರ್’ ಅನ್ನುತ್ತಾರೆ. ಅಷ್ಟು ಜನ ಬಸ್ಸಿನಡಿ ಸಿಕ್ಕರೆ ಅಂತ. ಕೆಟ್ಟ ಹೋಲಿಕೆ. ನಮ್ಮಲ್ಲಿ ‘ಮದುವೆ ಲೆಕ್ಕ’ ಅನ್ನುತ್ತೇವೆ. ಆಗ ನಮ್ಮ ಲೆಕ್ಕ ಒಂದು ಇತ್ತು.

ಇಂಥವರು ಎರಡು ತರ. ಒಬ್ಬನಿಗೆ ಬೇರೆಯವರಿಗೆ ಹೇಳಿಕೊಡಲು ಹೊತ್ತೇ ಸಿಕ್ಕಿರುವುದಿಲ್ಲ. ಇನ್ನೊಬ್ಬನಿಗೆ ಹೇಳಿಕೊಟ್ಟರೆ ತನ್ನ ಬೆಲೆ ಇಳಿಯುತ್ತದೆ ಅಂತ ಭಯ. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ. ಗುರುತಿಸುವುದು ಸುಲಭ. ‘ನೀನು ಮಾಡುವಾಗ ಪಕ್ಕದಲ್ಲಿ ಕೂತು ನಾನು ಬರೆದುಕೊಳ್ತೀನಿ’ ಅನ್ನಿ. ಮೊದಲನೆಯವನು ಕುರ್ಚಿ ಎಳೆದು ಕೊಡುತ್ತಾನೆ. ಎರಡನೆಯವನು ‘ಅದೆಲ್ಲ ಬೇಡ ಬಿಡು, ನಾನಿದೀನಲ್ಲ’ ಅನ್ನುತ್ತಾನೆ. ಮೊದಲನೆಯವನಿಗೆ ಹೊತ್ತು ಕೊಡಿ, ಎರಡನೆಯವನಿಗೆ ಧೈರ್ಯ ಕೊಡಿ. ಹೇಳಿಕೊಟ್ಟದ್ದಕ್ಕೂ ಎಲ್ಲರ ಮುಂದೆ ಹೆಸರು ಬರಲಿ, ಬೆಂಕಿ ಆರಿಸಿದ್ದಕ್ಕೆ ಮಾತ್ರ ಬೇಡ. ಮಾಲೀಕರೂ ನೆನಪಿಡಬೇಕು. ಬೆಂಕಿ ಹತ್ತದ ಹಾಗೆ ಮೊದಲೇ ನೋಡಿಕೊಂಡವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಆಮೇಲೆ ಅವನನ್ನು ಬೇಕೆಂದೇ ಎರಡು ದಿನ ರಜೆಗೆ ಕಳಿಸಿ, ಫೋನ್ ಮಾಡಬೇಡಿ. ಯಾವುದು ನಿಲ್ಲುತ್ತದೆಯೋ ಅದನ್ನು ಮುಂದಿನ ವಾರ ಬರೆಸಿ. ಸಿರುಗುಪ್ಪದವನು ಮೊದಲ ಸಲ ರಜೆಗೆ ಹೋದಾಗ ತಾನೇ ನಾಲ್ಕು ಸಲ ಫೋನ್ ಮಾಡಿದ, ‘ಏನೂ ಆಗಿಲ್ವಾ?’ ಅಂತ. ದನಿಯಲ್ಲಿ ಸ್ವಲ್ಪ ಬೇಜಾರಿತ್ತು.

ಹೆಜ್ಜೆ 6: ಉಳಿದವರನ್ನು ಹೆಚ್ಚು ತಲೆಕೆಡಿಸಿಕೊಳ್ಳದೆ ಸಂಭಾಳಿಸಿ

ಅತಿ ಅಚ್ಚುಕಟ್ಟಿನವರು. ಮೂವತ್ತು ಸಾಲಿನ ಕೋಡಿಗೆ ನಲವತ್ತು ಕಾಮೆಂಟ್. ಸ್ಪೇಸ್ ಎಲ್ಲಿ, ಬ್ರ್ಯಾಕೆಟ್ ಎಲ್ಲಿ, ಹೆಸರು ಯಾಕೆ ಹೀಗೆ. ಸ್ಪೇಸ್ ಬ್ರ್ಯಾಕೆಟ್ಟಿನ ಜಗಳವನ್ನು ಕೋಡನ್ನು ತಾನೇ ಒಪ್ಪವಾಗಿ ಜೋಡಿಸುವ ಫಾರ್ಮ್ಯಾಟರ್‌ಗೆ ಬಿಟ್ಟುಬಿಡಿ. ಯಂತ್ರ ಹೇಳಿದರೆ ಯಾರಿಗೂ ಸಿಟ್ಟು ಬರುವುದಿಲ್ಲ. ಉಳಿದ ಕಾಮೆಂಟಿಗೆ ಮುಂದೆ ‘ಬೇಕೇ ಬೇಕು’ ಅಥವಾ ‘ನನ್ನ ರುಚಿ’ ಅಂತ ಗುರುತು ಹಾಕಲು ಹೇಳಿ. ನಲವತ್ತರಲ್ಲಿ ಮೂವತ್ತೈದು ರುಚಿ ಅಂತ ಅವರಿಗೇ ಕಾಣುತ್ತದೆ. ಉಳಿದ ಐದು ಮಾತ್ರ ಚಿನ್ನ, ಅವನ್ನು ಬಿಡಬೇಡಿ.

ಎಲ್ಲದಕ್ಕೂ ‘ಬ್ಯಾಡ್ರಿ’ ಅನ್ನುವವರು. ನಮ್ಮ ಟೆಸ್ಟಿಂಗ್ ಅಕ್ಕ ಹೀಗೆ. ಹೊಸ ಐಡಿಯಾ ಹೇಳಿ ಮುಗಿಸುವ ಮೊದಲೇ ಅದು ಕೆಡುವ ಮೂರು ದಾರಿ ಹೇಳುತ್ತಾರೆ. ಮೊದಮೊದಲು ಎಲ್ಲರಿಗೂ ಮೈ ಉರಿಯುತ್ತಿತ್ತು. ಈಗ ಮೀಟಿಂಗಿನ ಕೊನೆಯ ಹತ್ತು ನಿಮಿಷ ಅವರದೇ. ‘ಅಕ್ಕ, ಇದು ಎಲ್ಲೆಲ್ಲಿ ಕೆಡಬಹುದು?’ ಅಂತ ನಾವೇ ಕೇಳುತ್ತೇವೆ. ಮಧ್ಯದಲ್ಲಿ ಬಂದರೆ ಅಪಶಕುನ, ಕೊನೆಯಲ್ಲಿ ಕೇಳಿ ಪಡೆದರೆ ಟೆಸ್ಟ್ ಕೇಸ್ ಪಟ್ಟಿ. ಮಾತು ಅದೇ, ಹೊತ್ತು ಬೇರೆ.

ಹೊಸದರ ಹುಚ್ಚಿನವರು. ನಿನ್ನೆ ಬಂದ ಫ್ರೇಮ್‌ವರ್ಕ್ ಇವತ್ತೇ ಬೇಕು. ಇಂಥವರಿಗೆ ಒಂದು ಸಣ್ಣ, ಯಾರೂ ಬಳಸದ ಒಳಗಿನ ಟೂಲ್ ಕೊಟ್ಟು ‘ಅಲ್ಲಿ ಆಡು’ ಅನ್ನಿ. ಗಿರಾಕಿಯ ಬಿಲ್ಲಿಂಗ್ ಹತ್ತಿರ ಬಿಡಬೇಡಿ.

ಕೇಳಲು ಹೆದರುವ ಹೊಸಬರು. ‘ಡೌಟ್ ಇದ್ರೆ ಕೇಳಿ’ ಅಂದರೆ ಯಾರೂ ಕೇಳುವುದಿಲ್ಲ. ದಿನಾ ಸಂಜೆ ನಾಲ್ಕಕ್ಕೆ ನೀವೇ ಅವರ ಪಕ್ಕ ಹೋಗಿ ಕೂರಿ, ನಿಮ್ಮದೇ ಒಂದು ಡೌಟ್ ಕೇಳಿ. ಆಮೇಲೆ ತಾನಾಗಿಯೇ ಬಾಯಿ ಬಿಡುತ್ತಾರೆ.

ಕೊನೆಯದು ‘ಬೆಂಗಳೂರಲ್ಲಿ ನಾವು ಹಿಂಗ್ ಮಾಡ್ತಿರಲಿಲ್ಲ’ ಅನ್ನುವವರು. ಇವರ ಬಗ್ಗೆ ಮುಂದೆ ಹೇಳುತ್ತೇನೆ.

ಹೆಜ್ಜೆ 7: ಕೈ ನೋಡಿ ಮಷಿನ್ ಕೊಡಿ

ನಮಗೆ ಕೆಲಸ ಕೊಟ್ಟ ಜೀನ್ಸ್ ಯುನಿಟ್ ಒಂದರಲ್ಲಿ ವಾರಗಟ್ಟಲೆ ಕೂತು ಬಿಲ್ಲಿಂಗ್ ಕೂರಿಸಿದ್ದೆ. ಒಂದು ಪ್ಯಾಂಟು ಎಷ್ಟು ಕೈ ದಾಟುತ್ತದೆ ಅಂದರೆ, ಕಟಿಂಗ್, ಹೊಲಿಗೆ, ಓವರ್‌ಲಾಕ್, ಕಾಜಾ, ಬಟನ್, ವಾಷಿಂಗ್, ದಾರ ಕತ್ತರಿಸುವುದು, ಇಸ್ತ್ರಿ. ಅಲ್ಲಿನ ಮಾಸ್ತರರನ್ನು ಒಂದು ದಿನ ಕೇಳಿದೆ, ಹೊಸಬರು ಬಂದರೆ ಯಾರಿಗೆ ಏನು ಕೊಡಬೇಕು ಅಂತ ಹೇಗೆ ಗೊತ್ತಾಗುತ್ತದೆ ಅಂತ. ‘ಎಲ್ಲಾ ಮಷಿನ್ ಮ್ಯಾಲೂ ಎರಡೆರಡು ದಿನ ಕೂಡಸ್ತೀನಿ. ಎಲ್ಲಿ ತಲಿ ಎತ್ತಲ್ವೋ ಅಲ್ಲೇ ಬಿಡ್ತೀನಿ’ ಅಂದರು.

ನಾನು ಇದನ್ನು ಹಾಗೇ ಎತ್ತಿಕೊಂಡು ಬಂದೆ. ಆರು ತಿಂಗಳಿಗೊಮ್ಮೆ ಒಂದು ವಾರ ಸೀಟು ಬದಲು. ಕೋಡ್ ಬರೆಯುವವರು ಗಿರಾಕಿಯ ಫೋನ್ ಎತ್ತುತ್ತಾರೆ, ಫೋನ್ ಎತ್ತುವವರು ಟೆಸ್ಟಿಂಗ್ ಮಾಡುತ್ತಾರೆ. ಕುರುಗೋಡಿನವನು ಕ್ರಷರ್‌ಗಳ ಫೋನ್ ಎತ್ತಿದ ವಾರ ಒಂದೂ ದೂರು ನನ್ನವರೆಗೆ ಬರಲಿಲ್ಲ. ಲಾರಿಯವರ ಜೊತೆ ಅವನು ತೆಲುಗಿನಲ್ಲಿ ಜೋರಾಗಿ ನಗುವುದು ಗೋಡೆಯಾಚೆ ಕೇಳುತ್ತಿತ್ತು. ‘ಆಗ್ತೈತಣ್ಣ’ ಅನ್ನುವವನು ಮಾತ್ರ ಫೋನ್ ಸೀಟಿನಲ್ಲಿ ಐದು ದಿನದಲ್ಲಿ ಒಂಬತ್ತು ಹೊಸ ಫೀಚರ್ ಒಪ್ಪಿಕೊಂಡು ಬಂದ. ಅವನನ್ನು ಆ ಸೀಟಿನಿಂದ ಆ ಶನಿವಾರವೇ ಎಬ್ಬಿಸಿದೆವು.

ಹೆಜ್ಜೆ 8: ಸ್ವಭಾವ ಅಲ್ಲದ್ದನ್ನು ಸ್ವಭಾವ ಅನ್ನಬೇಡಿ

ಹೆಣ್ಣುಮಕ್ಕಳ ಮಾತನ್ನು ಅರ್ಧಕ್ಕೇ ತುಂಡು ಮಾಡುವುದು. ಇನ್ನೊಬ್ಬರ ಕೆಲಸಕ್ಕೆ ತನ್ನ ಹೆಸರು ಹಾಕಿಕೊಳ್ಳುವುದು. ಹೊಸಬರನ್ನು ಎಲ್ಲರ ಮುಂದೆ ಬೈಯುವುದು. ಜಾತಿ, ಊರು, ಇಂಗ್ಲಿಷ್ ಹಿಡಿದು ನಗುವುದು. ‘ಅವರ ಸ್ವಭಾವನೇ ಹಂಗೆ ಬಿಡ್ರಿ’ ಅಂತ ಇದನ್ನು ಮುಚ್ಚಿಹಾಕುತ್ತಾರೆ. ಇದು ನಡತೆ. ಇದನ್ನು ಅರ್ಥ ಮಾಡಿಕೊಳ್ಳಲು ನೋಟ್‌ಬುಕ್ ಬೇಡ. ತಾರೀಖು ಸಮೇತ ಬರೆದು ಮಾಲೀಕರ ಮುಂದಿಡಿ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು ಅಂತ 2013ರ ಕಾಯ್ದೆ ಹೇಳುತ್ತದೆ. ಅದಕ್ಕಿಂತ ಸಣ್ಣ ಆಫೀಸಿನವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ನಮ್ಮಂಥ ಎಂಟು ಜನರ ಆಫೀಸಿನಲ್ಲಿ ಇದು ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ.

ಹೆಜ್ಜೆ 9: ನಿಮ್ಮ ಪುಟವನ್ನು ಬೇರೆಯವರ ಕೈಲಿ ಬರೆಸಿ

ಏಳು ಜನರ ಪುಟ ಬರೆದಮೇಲೆ ನನ್ನದೂ ಒಂದು ಇರಲಿ ಅನಿಸಿತು. ಸ್ವಂತದ್ದನ್ನು ನಾನೇ ಬರೆದರೆ ಪ್ರಯೋಜನ ಇಲ್ಲ. ಟೆಸ್ಟಿಂಗ್ ಅಕ್ಕನಿಗೆ ನೋಟ್‌ಬುಕ್ ಕೊಟ್ಟು, ‘ಎರಡು ವಾರ ನೋಡಿ ಬರೀರಿ, ಕಟ್ಟುಪಾಡು ಗೊತ್ತಲ್ಲ’ ಅಂದೆ. ‘ನಡೆದದ್ದಷ್ಟೇ, ಅಲ್ವಾ?’ ಅಂತ ಕೇಳಿ ತಗೊಂಡು ಹೋದರು.

ಹದಿನೈದನೇ ದಿನ ವಾಪಸ್ ಕೊಟ್ಟರು. ನೀಲಿ ಪೆನ್ನಿನಲ್ಲಿ ನಾಲ್ಕು ಸಾಲು.

‘ಬೆಂಗಳೂರಲ್ಲಿ ನಾವು ಅಂತ 11 ಸಲ.

ಉತ್ತರ ಕೊಡದೆ ಮುಚ್ಚಿದ ಕಾಮೆಂಟ್ 3. ಅದರಲ್ಲಿ 2 ನನ್ನವು.

ಗುರುವಾರ ಹೊಸ ಹುಡುಗನ ತಪ್ಪನ್ನು ಗಿರಾಕಿ ಮುಂದೆ ತನ್ನದು ಅಂದರು.

ಮಿರ್ಚಿ ದುಡ್ಡು 9 ಸಲ ಕೊಟ್ಟಿದ್ದಾರೆ. ನಾವು ಕೊಡಲು ಹೋದರೆ ಬಿಡುವುದಿಲ್ಲ.’

ಆ ಎರಡು ಕಾಮೆಂಟ್‌ಗಳನ್ನು ಅವತ್ತೇ ಹುಡುಕಿ ತೆರೆದೆ. ಒಂದಕ್ಕೆ ಉತ್ತರ ಬರೆದೆ. ಇನ್ನೊಂದರಲ್ಲಿ ಅವರು ಹೇಳಿದ್ದೇ ಸರಿ ಇತ್ತು. ಕೋಡ್ ಬದಲಿಸಿ, ರಿವ್ಯೂಗೆ ಅವರ ಹೆಸರನ್ನೇ ಹಾಕಿ, ಚಹಾಕ್ಕೆ ಕೆಳಗಿಳಿದೆ. ಆ ದಿನ ಚಹಾದ ದುಡ್ಡು ಅವರು ಕೊಟ್ಟರು. ನಾನು ಬಿಟ್ಟೆ.